ಎದುರಾಳಿಗೂ ಮುಂದಿನ ಸೀಟು

ನಮ್ಮನ್ನು ಸೋಲಿಸಬೇಕಾದ ಆಟಗಾರ ನಮ್ಮ ವ್ಯಾನಿನಿಂದಲೇ ಇಳಿಯುತ್ತಿದ್ದ. ಅದೂ ಮುಂದಿನ ಸೀಟಿನಿಂದ. ದುಬೈನ ಮಿರ್ದಿಫ್‌ನಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಶಾಲೆಯ ಆಟದ ಹಾಲ್‌ನ ಮುಂದೆ ಪ್ರತಿ ಶನಿವಾರ ಆ ಹಳೇ ಬಿಳಿ ವ್ಯಾನು ಬಂದು ನಿಂತರೆ, ಮೊದಲು ಎರಡು ಉದ್ದ ಕಾಲು ಹೊರಗೆ ಬರುತ್ತಿದ್ದವು, ಆಮೇಲೆ ಎದುರು ತಂಡದ ಹಳದಿ ಜೆರ್ಸಿ. ಸ್ಟಿಯರಿಂಗ್ ಹಿಡಿದವರು ನಮ್ಮ ತಂಡದ ಮಾಲೀಕರು, ಹಮೀದಾಕ. "ಚೆಂದ ಆಡು, ಮೊಣಗಂಟು ಜಾಗ್ರತೆ" ಅಂತ ಹಳದಿ ಜೆರ್ಸಿಯವನಿಗೆ ಹೇಳಿ, ಆಮೇಲೆ ನಮ್ಮ ಹುಡುಗರ ಕಡೆ ತಿರುಗುತ್ತಿದ್ದರು. ಇಂಥ ಮಾಲೀಕರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಅವರದು ರಟ್ಟಿನ ಪೆಟ್ಟಿಗೆಗಳ ಅಂಗಡಿ. ಊರು ಉಪ್ಪಿನಂಗಡಿ ಕಡೆ, ಮನೆಮಾತು ಬ್ಯಾರಿ, ಹೆಸರಿನ ಕೊನೆಯ 'ಆಕ' ಅದರಲ್ಲಿ ಹಿರಿಯರಿಗೆ ಕೊಡುವ ಗೌರವ, ವಯಸ್ಸು ಅರವತ್ತರ ಮೇಲೆ. ಜೀವನದಲ್ಲಿ ಒಂದು ದಿನವೂ ಬಾಸ್ಕೆಟ್‌ಬಾಲ್ ಆಡಿದವರಲ್ಲ. ಮೈಸೂರಿನ ಕಾಲೇಜಿನಲ್ಲಿ ಆಡಿ ಬಂದ ನಾನು ತಂಡದ ಮ್ಯಾನೇಜರ್. "ಶೋಭಾ, ಆ ಮೂರು ಸೆಕೆಂಡಿನ ರೂಲು ಎಂತದ್ದು, ಇನ್ನೊಮ್ಮೆ ಹೇಳು" ಅಂತ ಪ್ರತಿ ವಾರ ಕೇಳುತ್ತಿದ್ದರು. ನಾನು ಪ್ರತಿ ವಾರ ಹೇಳುತ್ತಿದ್ದೆ, ಅವರು ಪ್ರತಿ ವಾರ ಮರೆಯುತ್ತಿದ್ದರು. ಆದರೆ ಯಾವ ಹುಡುಗನ ಹೆಂಡತಿಯ ವೀಸಾ ಬಂತು, ಯಾರಿಗೆ ಸೊಂಟ ನೋವು, ಇದ್ಯಾವುದನ್ನೂ ಮರೆಯುತ್ತಿರಲಿಲ್ಲ. ಪ್ಯಾಕಿಂಗ್ ಟೇಪಿನ ಸುರುಳಿಯನ್ನು ಬಳೆಯ ಹಾಗೆ ಮುಂಗೈಗೆ ಹಾಕಿಕೊಂಡೇ ಪಂದ್ಯಕ್ಕೆ ಬರುವವರು. ಬಿರಿದ ಶೂ, ಕಿತ್ತುಹೋದ ಸ್ಕೋರ್ ಬೋರ್ಡು, ಎಲ್ಲಕ್ಕೂ ಅದೇ ಟೇಪು.

ನಮ್ಮ ಲೀಗಿನಲ್ಲಿ ಕನ್ನಡಿಗರದೇ ಆರು ತಂಡಗಳು. ವರ್ಷಕ್ಕೊಮ್ಮೆ ಹೊಸ ಆಟಗಾರರ ಹೆಸರು ಬರೆದು ಹಲಗೆಗೆ ಅಂಟಿಸಿ, ಮಾಲೀಕರು ಒಬ್ಬೊಬ್ಬರಾಗಿ ಆರಿಸಿಕೊಳ್ಳುವುದು ಪದ್ಧತಿ. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲು ಆರಿಸುವ ಹಕ್ಕು. ಅದಕ್ಕೆ ನಾವು 'ಮೊದಲ ಪಿಕ್' ಅಂತಿದ್ದೆವು. ಹೋದ ವರ್ಷ ಆ ಹಕ್ಕು ನಮ್ಮದಾಗಿತ್ತು, ಅದರ ಹಿಂದಿನ ಸಲ ಕೊನೆಗೆ ಬಂದವರು ನಾವು.

ಆ ಪಿಕ್ಕಿನಲ್ಲಿ ಯಾರನ್ನು ಆರಿಸಬೇಕು ಅನ್ನುವುದೂ ಹಮೀದಾಕನಿಗೆ ಗೊತ್ತಿತ್ತು. ದುಬೈ ದಾರಿಯ ಜೆಬೆಲ್ ಅಲಿಯಲ್ಲಿ ಒಂದು ಗೋದಾಮಿಗೆ ಪೆಟ್ಟಿಗೆ ಇಳಿಸಲು ಹೋದಾಗ, ಏಣಿಯಿಲ್ಲದೆ ಮೇಲಿನ ಹಲಗೆಗೆ ಸಾಮಾನು ಜೋಡಿಸುತ್ತಿದ್ದ ಒಬ್ಬನನ್ನು ಕಂಡಿದ್ದರು. ಕೊಪ್ಪಳ ಕಡೆಯ ಬಸವರಾಜ. ಊರಲ್ಲಿ ವಾಲಿಬಾಲ್ ಆಡಿದ್ದನಂತೆ. ಅವನಿಗೆ ಶೂ ಕೊಡಿಸಿ, ಎಂಟು ತಿಂಗಳು ವ್ಯಾನಿನಲ್ಲಿ ಕರೆತಂದು, ನನ್ನ ಕೈಯಲ್ಲಿ ಆಟ ಕಲಿಸಿದರು. ಅವನ ಮೊಣಕಾಲು ಹಿಡಿಸಲು ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಬೇಕಿತ್ತು.

ಅದೇ ಹೊತ್ತಿಗೆ ಅವರ ವ್ಯಾಪಾರ ಇಳಿದಿತ್ತು, ಅಂಗಡಿ ಬಾಡಿಗೆ ಏರಿತ್ತು. ಹಳದಿ ತಂಡದ ಮಾಲೀಕರು, ಕ್ಯಾಟರಿಂಗ್ ಶೆಟ್ರು, ನನಗೆ ಫೋನ್ ಮಾಡಿದರು. "ಮೊದಲ ಪಿಕ್ ನಮಗೆ ಬಿಟ್ಟುಕೊಡಿ, ನಿಮ್ಮ ವರ್ಷದ ಹಾಲ್ ಬಾಡಿಗೆ ನಾವು ಕೊಡ್ತೇವೆ." ಹೊಸದಾಗಿ ದುಬೈಗೆ ಬಂದಿದ್ದ ಬೆಂಗಳೂರಿನ ಕಂಪನಿ ತಂಡವೊಂದರ ಆಟಗಾರನ ಮೇಲೆ ಶೆಟ್ರಿಗೆ ಕಣ್ಣು, ಗೋದಾಮಿನ ಬಸವರಾಜನನ್ನು ಯಾರು ಕೇಳುತ್ತಾರೆ, ಎರಡನೇ ಸುತ್ತಿನಲ್ಲಿ ನಮಗೇ ಸಿಗುತ್ತಾನೆ ಅಂತ ನನ್ನ ಲೆಕ್ಕಾಚಾರ. ಹಮೀದಾಕನನ್ನು ಕೇಳದೆ ಒಪ್ಪಿಬಿಟ್ಟೆ.

ಮಾರನೇ ದಿನ ಅಂಗಡಿಗೆ ಹೋಗಿ ಹೆಮ್ಮೆಯಿಂದಲೇ ಹೇಳಿದೆ. "ಅಮೆರಿಕದಲ್ಲಿ ಕೋಟ್ಯಧೀಶ ಮಾಲೀಕರೇ ಖರ್ಚು ಉಳಿಸೋಕೆ ಪಿಕ್ ಮಾರ್ಕೊಳ್ತಾರೆ ಹಮೀದಾಕ. ನಮಗ್ಯಾಕೆ ಇಲ್ಲದ ದೊಡ್ಡಸ್ತಿಕೆ?"

ಅವರು ಪೆಟ್ಟಿಗೆಗೆ ಟೇಪು ಹಚ್ಚುವುದನ್ನು ನಿಲ್ಲಿಸಿದರು.

"ಶೆಟ್ರಿಗೆ ಮಾತು ಕೊಟ್ಟಾಯ್ತಾ?"

"ಕೊಟ್ಟೆ."

"ಹಾಗಾದ್ರೆ ಖಲಾಸ್. ನೀನು ಹೇಳಿದ್ರೆ ನಾನು ಹೇಳಿದ ಹಾಗೆಯೇ. ಪಿಕ್ ಅವರಿಗೆ. ಆದ್ರೆ ಹಾಲ್ ಬಾಡಿಗೆ ನಾವೇ ಕೊಡುವ."

ನನಗೆ ರೇಗಿಹೋಯಿತು. "ಪಿಕ್ಕೂ ಕೊಟ್ಟು ದುಡ್ಡೂ ಬಿಡೋದು ಯಾವ ಸೀಮೆ ವ್ಯಾಪಾರ?"

"ಅದು ನನ್ನ ಸಾಮಾನಲ್ಲ ಮಾರಾಯ್ತಿ, ನಾನು ಮಾರ್ಲಿಕ್ಕೆ. ವರ್ಷ ಇಡೀ ಸೋತದ್ದು ಹುಡುಗರು. ನಾನು ಬೆಂಚಲ್ಲಿ ಕೂತು ಚಾ ಕುಡಿದವ. ಸೋತದ್ದಕ್ಕೆ ಅವರಿಗೆ ಸಿಕ್ಕಿದ್ದು ಅದೊಂದೇ. ಅದರಲ್ಲಿ ನನ್ನ ಖರ್ಚು ಉಳಿಸಿದ್ರೆ ನನಗೆ ಊಟ ಸೇರ್ಲಿಕ್ಕುಂಟಾ?"

ಬಾಡಿಗೆ ಹೇಗೆ ಹೊಂದಿಸಿದರೋ ನನಗೆ ಹೇಳಲಿಲ್ಲ. ಆ ವರ್ಷ ಅವರು ರಜೆಗೆ ಊರಿಗೆ ಹೋಗಲಿಲ್ಲ ಅನ್ನುವುದು ಮಾತ್ರ ಗೊತ್ತು.

ಆರಿಸುವ ದಿನ ಶೆಟ್ರು ಎದ್ದು ನಿಂತು ಕೂಗಿದ ಹೆಸರು ಬಸವರಾಜನದು. ನಮ್ಮ ಅಭ್ಯಾಸದಲ್ಲೇ ಅವನನ್ನು ನೋಡಿದ್ದರಂತೆ. ನಮ್ಮ ಹುಡುಗರೆಲ್ಲ ತಿರುಗಿ ಮಾಲೀಕರ ಮುಖ ನೋಡಿದರು. "ಪಿಕ್ ನಾನೇ ಕೊಟ್ಟದ್ದು. ಬೈಯುದಾದ್ರೆ ನನಗೆ ಬೈಯಿರಿ" ಅಂದರು ಹಮೀದಾಕ. ಪಕ್ಕದಲ್ಲೇ ಕೂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹುಡುಗರು ಬೈದರು ಕೂಡ, ಇಬ್ಬರು ತಿಂಗಳುಗಟ್ಟಲೆ ಅವರ ಹತ್ತಿರ ಮಾತು ಬಿಟ್ಟರು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮುಂದಿನ ಶನಿವಾರ ಅಬುಧಾಬಿಯಲ್ಲಿ ಕೆಲಸವಿದ್ದು ನಾನೂ ವ್ಯಾನಿನಲ್ಲಿದ್ದೆ. ಹಮೀದಾಕ ಎಂದಿನಂತೆ ಜೆಬೆಲ್ ಅಲಿಯಲ್ಲಿ ಬಸವರಾಜನ ಲೇಬರ್ ಕ್ಯಾಂಪಿನ ಗೇಟಿಗೆ ತಿರುಗಿಸಿದರು. ಅವನು ಬಸ್ಸಿಗೆ ಕಾಯುತ್ತಿದ್ದವನು ಗಾಬರಿಯಾದ.

"ಕಾಕಾ, ನಾ ಈಗ ಅವ್ರ ಕಡೆಯಾಂವ. ನಿಮ್ಮ ಗಾಡಿ ಹೆಂಗ್ ಹತ್ಲಿ?"

"ಗಾಡಿ ಆಟ ಆಡುದಿಲ್ಲ ಮಾರಾಯ. ಬಸ್ಸು, ಮೆಟ್ರೊ, ಮತ್ತೆ ಬಸ್ಸು ಅಂತ ನಿಂತುಕೊಂಡು ಬಂದ್ರೆ ನಿನ್ನ ಕಾಲು ಉಳೀತದಾ? ಸುಸ್ತಾದವನನ್ನು ಸೋಲಿಸಿ ನಮಗೆ ಎಂತ ಮರ್ಯಾದೆ? ಹತ್ತು."

ಅವನು ಹತ್ತಿದ, ಸೀಟು ಹಿಂದಕ್ಕೆ ಬಂತು, ಹಿಂದೆ ಕೂತಿದ್ದ ನನ್ನ ಮೊಣಕಾಲಿಗೆ ಬಡಿಯಿತು. ಅವತ್ತು ಅವನೊಬ್ಬನೇ ನಮ್ಮನ್ನು ಪುಡಿ ಮಾಡಿದ. ಹಮೀದಾಕ ಬೆಂಚಿನಿಂದ ಎದ್ದು ಚಪ್ಪಾಳೆ ತಟ್ಟಿದರು. ಮೊದಲು ನನಗೆ ಸಿಟ್ಟೇ ಬಂತು. ವಾರ ವಾರವೂ ಅವನು ಅದೇ ವ್ಯಾನಿನಿಂದ ಇಳಿಯುವುದನ್ನು ಕಂಡ ಮೇಲೆ ಸಿಟ್ಟು ಹೋಗಿ ಬೆರಗು ಉಳಿಯಿತು. ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಇಷ್ಟು ದೊಡ್ಡವನಾಗಿರಲು ಸಾಧ್ಯವಾ ಅಂತ ಬೆಂಚಿನಲ್ಲಿ ಅವರ ನರೆತ ತಲೆಯನ್ನೇ ನೋಡುತ್ತಾ ಕೂತಿರುತ್ತಿದ್ದೆ.

ಆ ವರ್ಷವೂ ನಾವೇ ಕೊನೆ. ಸೀಸನ್ ಮುಗಿದ ಮೇಲೆ ಅವರು ಅಂಗಡಿ ಮುಚ್ಚಿದರು, ವೀಸಾ ರದ್ದಾಯಿತು. ಕೊನೆಯ ಸಲ ಕಂಡದ್ದು ಆ ಖಾಲಿ ಅಂಗಡಿಯಲ್ಲೇ. ಉಳಿದ ಒಂದು ಪೆಟ್ಟಿಗೆಯ ಮೇಲೆ ಕೂರಿಸಿ ಚಹಾ ಕೊಟ್ಟರು.

"ಹಮೀದಾಕ, ಹುಡುಗರಿಗೆ ನಿಜ ಹೇಳಿಬಿಡ್ತೀನಿ," ಅಂದೆ.

"ಎಂತಕ್ಕೆ? ನನ್ನನ್ನು ಬೈದು ಮುಗಿಸಿ ಆಗಿದೆ. ಇನ್ನು ನಿನ್ನನ್ನು ಹೊಸತಾಗಿ ಶುರು ಮಾಡುದು ಬೇಡ."

ಆಮೇಲೆ ವ್ಯಾನಿನ ಕೀಲಿಯನ್ನೂ ರಟ್ಟಿನ ತುಂಡೊಂದನ್ನೂ ಕೈಗಿಟ್ಟರು. ಯಾರು ಎಲ್ಲಿ, ಎಷ್ಟು ಗಂಟೆಗೆ ನಿಂತಿರುತ್ತಾರೆ ಅಂತ ಅದರ ಮೇಲೆ ಬರೆದಿತ್ತು. ಮೊದಲ ಹೆಸರು ಬಸವರಾಜನದು.

ಹೋದ ತಿಂಗಳು ಶೆಟ್ರು ಮತ್ತೆ ಫೋನ್ ಮಾಡಿದರು, ಅದೇ ಮಾತು, ಅದೇ ಪಿಕ್. "ಅದು ಹುಡುಗರದ್ದು ಶೆಟ್ರೇ, ನನ್ನದಲ್ಲ" ಅಂದೆ. "ಹಮೀದಾಕನೂ ಹೀಗೇ ಹೇಳಿದ್ರು. ನಾನು ಅಂಗಡಿಗೆ ಕಳಿಸಿದ್ದ ಬಾಡಿಗೆ ಹಣವನ್ನು ವಾಪಸ್ ತಂದು ಕೊಟ್ಟಿದ್ರು" ಅಂದರು.

ಈ ಸೀಸನ್ನಿನ ಮೊದಲ ಶನಿವಾರ ವ್ಯಾನು ಓಡಿಸಿದ್ದು ನಾನು. ಜೆಬೆಲ್ ಅಲಿಯ ಗೇಟಿನಲ್ಲಿ ಬಸವರಾಜ ಹತ್ತಿದ ಮೇಲೆ ಹೊರಡದೆ, ಹಿಂದೆ ತಿರುಗಿ ನಮ್ಮ ಹುಡುಗರಿಗೆ ಹೇಳಿದೆ. "ಹೋದ ವರ್ಷ ಪಿಕ್ ಕೊಟ್ಟಿದ್ದು ಹಮೀದಾಕ ಅಲ್ಲ. ಅವರನ್ನು ಕೇಳದೆ ಕೊಟ್ಟವಳು ನಾನು."

ಪಕ್ಕದ ಸೀಟಿನ ಬಸವರಾಜ ಫೋನ್ ತೆಗೆದ. "ಕಾಕಾಗ ಹಚ್ತೀನ್ರಿ ಅಕ್ಕಾ" ಅಂದು ಸ್ಪೀಕರ್ ಹಾಕಿದ. ಮಾತು ಬಿಟ್ಟಿದ್ದ ಹುಡುಗರಲ್ಲೊಬ್ಬ ಮುಂದಕ್ಕೆ ಬಾಗಿ, "ಹಮೀದಾಕ, ಶೋಭಕ್ಕ ಎಲ್ಲ ಹೇಳಿದ್ರು. ನಮ್ಮದು ತಪ್ಪಾಯ್ತು" ಅಂದ.

ಆ ಕಡೆ ಉಪ್ಪಿನಂಗಡಿಯಿಂದ ಅದೇ ದನಿ.

"ಅದಿರಲಿ ಮಾರಾಯ. ಬಸವರಾಜ ಹತ್ತಿದ್ನಾ? ಸೀಟು ಹಿಂದೆ ತಳ್ಳಿದ್ದೀರಾ?"

"ತಳ್ಳಿದ್ದೀವಿ ಹಮೀದಾಕ" ಅಂದೆ. ಕಣ್ಣೊರೆಸಿಕೊಂಡು ಗಾಡಿ ಹೊರಡಿಸಿದೆ.