ಗುಂಡಿಮಗ್ಗದ ಕಿಟಕಿಯಾಚೆ ತುಂಬೆ

ನಮ್ಮದು ಗುಂಡಿಮಗ್ಗ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ತಗ್ಗು ಕಿಟಕಿಯಲ್ಲಿ ಹಿತ್ತಿಲ ಮಣ್ಣು ಕಣ್ಣಿನ ಮಟ್ಟಕ್ಕೇ ಬರುತ್ತದೆ. ಮದುವೆಯಾಗಿ ತಮಿಳು ಸೀಮೆಯ ಈ ಹಳೆಯ ಸಂತೆಯೂರಿಗೆ ಬಂದ ಮೇಲೆ ನಾನು ಚೆನ್ನಾಗಿ ಬಲ್ಲ ಹೂವೆಂದರೆ ಅಲ್ಲಿನ ತುಂಬೆಯೊಂದೇ. ಕೂತಲ್ಲಿಂದ ಅದು ಮರದಷ್ಟು ಎತ್ತರ ಕಾಣುತ್ತದೆ.

ಕಳೆದ ಮಾರ್ಗಳಿ ತಿಂಗಳ ಚಳಿಯಲ್ಲಿ ಕೊಯಮತ್ತೂರಿನಿಂದ ಒಂದು ಗುಂಪು ಬಂತು. ಸಂತೆಬೀದಿಯ ಚರಿತ್ರೆ, ಹಿತ್ತಿಲು, ಕಾಡುಹೂ ಎಂದು ಊರೂರು ನಡೆದು ನೋಡುವವರು. ಮಗ್ಗ ನೋಡಲು ಒಳಗೂ ಬಂದರು. ನನಗೆ ಮೊದಲು ಕಂಡದ್ದು ಅವರ ಬೂಟುಗಳು. ಒಬ್ಬಾಕೆ ಬಗ್ಗಿ, ಕೆರೆಯೇರಿಯ ಮೇಲೆ ಆವರಿಕೆ ಅರಳಿದೆಯೇ ಎಂದು ತಮಿಳಿನಲ್ಲಿ ಕೇಳಿದಳು. ಕೆರೆ ಇರುವುದು ನಮ್ಮ ಬೀದಿಯ ಕೊನೆಯಲ್ಲೇ. ಆದರೂ ನನಗೆ ಗೊತ್ತಿರಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ನಾನೂ ಬರುತ್ತೇನೆ ಎಂದೆ.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅತ್ತೆ ತಲೆ ಎತ್ತದೆ, ಮುದ್ದಿನಿಂದಲೇ ಹೇಳಿದರು: "ಪಾವು ಮುಗೀಲಿ ಕಣ್ಣು, ಅಪ್ಪುರಂ ಹೋಗು."

ಅಪ್ಪುರಂ ಎಂದರೆ ಆಮೇಲೆ; ಪಾವು ಎಂದರೆ ಮಗ್ಗಕ್ಕೆ ಏರಿಸಿದ ಹಾಸುನೂಲು. ಅದು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಗಂಟು ಹಾಕುತ್ತೇವೆ. ಹಾಗಾಗಿ ಈ ಮನೆಯಲ್ಲಿ ಪಾವು ಮುಗಿದದ್ದನ್ನು ನಾನು ಕಂಡೇ ಇಲ್ಲ.

ಆವರಿಕೆಯ ಬಗ್ಗೆ ಕೇಳಿದಾಕೆಗೆ ನನ್ನ ಕಿಟಕಿ ಹಿಡಿಸಿತು. ನಾನು ಸರಿದು ಜಾಗ ಕೊಟ್ಟೆ. ಗುಂಡಿಯೊಳಗೆ ಕಾಲು ಬಿಟ್ಟು ನನ್ನ ಪಕ್ಕ ಕೂತಳು, ತುಂಬೆಯ ಫೋಟೋ ತೆಗೆದಳು, ಇಲ್ಲಿಂದ ಎಷ್ಟು ಚೆಂದ ಎಂದಳು. ಆಮೇಲೆ ನೆಲಕ್ಕೆ ಕೈಯೂರಿ, ಯಾರನ್ನೂ ಕೇಳದೆ, ಎದ್ದು ಹೋದಳು.