ನಾನು ಓದಿ ಹೇಳದ ಸಾಲು

ಅಣ್ಣಾ, ಆ ಸಾಲು ನಾನು ಓದಿದ್ದೆ. ಓದಿಯೂ ನಿನಗೆ ಹೇಳಲಿಲ್ಲ.

ಗೊತ್ತಿರಲಿಲ್ಲ ಅಂತ ಎಲ್ಲರೆದುರು ಹೇಳಿಕೊಂಡು ತಿರುಗಿದೆನಲ್ಲ — ಸುಳ್ಳು.

ವಾರೆನ್‌ನಿಂದ ಡೆಸ್ ಪ್ಲೇನ್ಸ್‌ಗೆ, ಆ ಊರಿನ ಚಿಕ್ಕಮ್ಮನ ಮನೆಯ ಪೂಜೆಗೆ, ಹೈವೇ ಹಿಡಿದು ಹೊರಟಿದ್ದೆವು. ಡ್ರೈವ್ ಮಾಡುತ್ತಲೇ ನೀನು ಬಾಯಿಬಿಟ್ಟೆ: "ಬಲಗಡೆ ಬೀಜ ಊದೈತಲೇ. ನೋವಿಲ್ಲ, ಆದ್ರ ಗಟ್ಟಿ ಐತಿ. ಮುಂದಿನ ಎಕ್ಸಿಟ್‌ನ್ಯಾಗ ಅರ್ಜೆಂಟ್ ಕೇರ್ ದವಾಖಾನಿ ಐತಿ, ತೋರಿಸಿಬಿಡ್ಲೇನು?"

ನನಗೆ ನಿನ್ನ ಭಯ ಕಾಣಿಸಲಿಲ್ಲ; ಒಂದು ಬಡಕಲು ವಾದ ಕಾಣಿಸಿತು. ಫೋನಿನಲ್ಲಿ ಹುಡುಕಿ ನಿನಗೆ ಕೇಳುವಂತೆ ಓದಿದೆ — ನೀರು ತುಂಬಿರಬಹುದು, ರಕ್ತನಾಳ ಉಬ್ಬಿರಬಹುದು, ಸೋಂಕು, ಹರ್ನಿಯಾ... ಅಲ್ಲಿಗೆ ನಿಲ್ಲಿಸಿದೆ. ಅದರ ಕೆಳಗಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ: ಕ್ಯಾನ್ಸರ್ ಗಡ್ಡೆಯೂ ಇರಬಹುದು, ಅದು ಎಷ್ಟೋ ಸಲ ನೋಯುವುದೇ ಇಲ್ಲ, ನೋವಿರಲಿ ಬಿಡಲಿ, ವೈದ್ಯರಿಗೆ ತೋರಿಸಿ.

ಎದುರಾಳಿಗೆ ಬೇಕಾದ ಸಾಕ್ಷ್ಯ ನಾವೇ ಕೊಡಬಾರದು ಅಂತ ಡಿಬೇಟ್ ತಂಡದಲ್ಲಿ ಕಲಿತಿದ್ದೆ. ಅವತ್ತು ಎದುರಾಳಿ — ನೀನು.

"ನೋವಿಲ್ಲ ಅಂದ್ರ ಏನೂ ಇಲ್ಲ. ಅಷ್ಟು ಹೆದರಿಕಿದ್ರ ಪೂಜಿಗೆ ಡಾಕ್ಟರ್ ಅಂಕಲ್ ಬರ್ತಾರ, ಕೇಳು."

ಎಕ್ಸಿಟ್ ದಾಟಿತು. ಹತ್ತು ಜನ ಆಂಟಿಯರ ನಡುವೆ ನೀನು ಬಾಯಿ ಬಿಡುವುದಿಲ್ಲ ಅಂತ ಗೊತ್ತಿದ್ದೇ ಹಾಗಂದಿದ್ದೆ. ಸಾಲದ್ದಕ್ಕೆ, ಊಟದ ಹೊತ್ತಿಗೆ ಕೂಗಿಯೇಬಿಟ್ಟೆ: "ಅಂಕಲ್, ನಮ್ಮಣ್ಣ ನಿಮಗೇನೋ ಕೇಳ್ಬೇಕಂತ!"

ನೀನು ತಟ್ಟೆ ಕೆಳಗಿಟ್ಟು ಮೊಣಕಾಲು ಸವರಿಕೊಂಡೆ. "ಏನಿಲ್ಲ ಅಂಕಲ್... ಮೊಣಕಾಲು."

ಅವರು ಮೊಣಕಾಲಿಗೆ ವ್ಯಾಯಾಮ ಹೇಳಿಕೊಟ್ಟರು. ನಾನು ನಕ್ಕೆ.

ಐದು ತಿಂಗಳಾದ ಮೇಲೆ ನೀನು ಒಬ್ಬನೇ ಹೋಗಿ ತೋರಿಸಿಕೊಂಡೆ. ಅಷ್ಟರಲ್ಲಿ ಕ್ಯಾನ್ಸರ್ ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಿಗೆ ಹರಡಿತ್ತು. ಕಾರಿನಲ್ಲಿ ಒಂದು ಸಣ್ಣ ಸದ್ದಾದರೂ ಬಿಚ್ಚಿ ನೋಡುವ ಇಂಜಿನಿಯರ್ ನೀನು, ನನ್ನ ಮಾತನ್ನು ಯಾಕೆ ನಂಬಿದೆ? — ನೋಡು, ಮತ್ತೆ ತಪ್ಪನ್ನು ನಿನ್ನ ಕಡೆಗೇ ತಳ್ಳುತ್ತಿದ್ದೇನೆ. ಈ ಚಟ ಇನ್ನೂ ಹೋಗಿಲ್ಲ.

ಈಗ ನಿನ್ನನ್ನು ಕಿಮೋಗೆ ಕರೆದೊಯ್ಯುವವನು ನಾನು. "ಇಂಥಾ ತಮ್ಮ ಸಿಗ್ಬೇಕಪ್ಪಾ" ಅನ್ನುತ್ತ ಆಂಟಿಯರು ಸಾರಿನ ಡಬ್ಬಿ ಕೊಡುತ್ತಾರೆ. ನಾಚಿಕೆಯಿಲ್ಲದೆ ಇಸಿದುಕೊಳ್ಳುತ್ತೇನೆ.

"ಹೋಗ್ಲಿ ಬಿಡಲೇ" ಅನ್ನಬೇಡ. ನಿನ್ನ ಆ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತದೆ. ಅವತ್ತೂ ನೀನು ಹಾಗೆಯೇ ಸುಮ್ಮನಾದೆ, ಅದನ್ನೇ ನಾನು ಗೆಲುವು ಅಂದುಕೊಂಡೆ.

ನಾಳೆ ಬೆಳಿಗ್ಗೆ ಮತ್ತೆ ಕಿಮೋ. ಹೊರಡುವ ಮೊದಲು ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ, ಕಾರಿನ ಕೀ ಮೇಜಿನ ಮೇಲಿಡುತ್ತೇನೆ. ಬೇರೆ ಯಾರನ್ನಾದರೂ ಕರೆಯುವುದಿದ್ದರೆ ಕರೆ. ವಾದಿಸುವುದಿಲ್ಲ.