ಖಾಲಿಯಣ್ಣನ ಪರದೆ

ನಮ್ಮ ಸ್ಟುಡಿಯೋದಲ್ಲಿ ಫೋಟೊ ತಿದ್ದುವವನಿಗೆ ಖಾಲಿಯಣ್ಣ ಎಂದು ಹೆಸರಿಟ್ಟವನು ನಾನೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನಾನು ಅವನಿಗೆ ದೊಡ್ಡಣ್ಣ. ಆದರೂ ಮಾಲೀಕರಿಂದ ಹಿಡಿದು ಕಸ ಗುಡಿಸುವಾಕೆಯವರೆಗೆ ಎಲ್ಲರಿಗೂ ಅವನು ಅಣ್ಣನೇ. ಕಣ್ಣೆದುರು ಬೇಡದ ವಸ್ತು ಒಂದಿದ್ದರೂ ಅವನಿಗೆ ಉಸಿರು ಕಟ್ಟುತ್ತದೆ. ದೃಷ್ಟಿಗೆ ಅಡ್ಡ ಬರುತ್ತದೆಂದು ಸ್ವಂತ ಮೂಗನ್ನೇ ಬಿಚ್ಚಿ ಡ್ರಾಯರಿನಲ್ಲಿಟ್ಟು ಕೆಲಸಕ್ಕೆ ಕೂರುತ್ತಾನೆ, ನೆಗಡಿಯಾದಾಗ ಮಾತ್ರ ಹುಡುಕಾಡುತ್ತಾನೆ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು. ಅರ್ಧ ಜನ ನಂಬಿದ್ದಾರೆ.

ಫೋಟೊ ತಿದ್ದುವ ಪ್ರೋಗ್ರಾಂನಲ್ಲಿ ಚಿತ್ರದ ಸುತ್ತ ಹತ್ತಾರು ಪ್ಯಾನೆಲ್‌ಗಳಿರುತ್ತವೆ: ಬಣ್ಣದ್ದೊಂದು, ಕುಂಚದ್ದೊಂದು, ಇನ್ನೇನೇನೋ. ವ್ಯೂ ಮೆನುವಿನಲ್ಲಿ ಹೆಸರಿನ ಪಕ್ಕ ಟಿಕ್ ಹಾಕಿದರೆ ಕಾಣುತ್ತವೆ, ತೆಗೆದರೆ ಮಾಯ. ಖಾಲಿಯಣ್ಣ ಮಧ್ಯಾಹ್ನ ಬಂದವನೇ ಎಲ್ಲ ಟಿಕ್‌ಗಳನ್ನೂ ಕಳೆ ಕೀಳುವ ಹಾಗೆ ಕೀಳುತ್ತಿದ್ದ. ಕೊನೆಗೆ ಪರದೆಯ ಮೇಲೆ ಯಾರದೋ ಗಲ್ಲವೊಂದೇ ಮೈದಾನದಷ್ಟು ಅಗಲಕ್ಕೆ ಹಬ್ಬಿಕೊಂಡಿರುತ್ತಿತ್ತು.

ಅದೇ ಮೇಜಿನಲ್ಲಿ ಬೆಳಗಿನ ಪಾಳಿ ಅವನ ಹೆಂಡತಿಯದು. ಅತ್ತಿಗೆಗೆ ಎಲ್ಲ ಪ್ಯಾನೆಲ್ಲೂ ಬೇಕು. ಜಾಗ ಸಾಲದೆ ಪಕ್ಕದಲ್ಲಿ ಎರಡನೇ ಪರದೆಯನ್ನೇ ಹಾಕಿಸಿಕೊಂಡಿದ್ದರು. ಆಕೆಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಪುಟ್ಟ ಪ್ಯಾನೆಲ್. ಅದರಲ್ಲಿ ಇಡೀ ಫೋಟೊ ಅಂಚೆಚೀಟಿಯಷ್ಟು ಚಿಕ್ಕದಾಗಿ ಕಾಣುತ್ತದೆ. ನಾವು ಸದ್ಯ ಯಾವ ಭಾಗ ತಿದ್ದುತ್ತಿದ್ದೇವೋ ಅದರ ಮೇಲೊಂದು ಕೆಂಪು ಚೌಕ.

ಪಾಳಿ ಬದಲಾಗುವ ಹೊತ್ತಿಗೆ ದಿನವೂ ಒಂದು ಸುತ್ತು ಆಗಲೇಬೇಕು.

"ನಿಮ್ಮ ಪರದೆ ನೋಡಿದ್ರೆ ಬಾಡಿಗೆಯವರು ರಾತ್ರೋರಾತ್ರಿ ಓಡಿಹೋದ ಮನೆ ಥರ ಇರುತ್ತೆ ಕಣ್ರೀ."

"ಅವರ ಸಾಮಾನೆಲ್ಲ ನಿನ್ನ ಪರದೇಲೇ ಸುರಿದಿದಾರಲ್ಲ ಕಣೇ."

"ಕಿವಿ ತಿದ್ದೋರಿಗೆ ಅದು ಯಾರ ಕಿವಿ ಅಂತಾದ್ರೂ ಗೊತ್ತಿರ್ಬೇಕಲ್ವಾ?"

ಕಳೆದ ಚಳಿಗಾಲದಲ್ಲಿ ಅತ್ತಿಗೆ ಜ್ವರವೆಂದು ಮಲಗಿದವರು ಏಳಲಿಲ್ಲ. ಮಾಲೀಕರು ಎರಡನೇ ಪರದೆಯ ವೈರು ಕಿತ್ತು, ಸುತ್ತಿ, ಕಪಾಟಿನಲ್ಲಿಟ್ಟರು. ಉಸಿರಿಲ್ಲದ ಆ ಪರದೆ ಮೇಜಿನ ಮೇಲೇ ಉಳಿಯಿತು. ಖಾಲಿಯಣ್ಣ ಅದರ ಮೇಲೆ ತನ್ನ ಕೋಟು ಹಾಕತೊಡಗಿದ. ಕರಿ ಗಾಜು ನೋಡಲಾರದೆ ಹಾಗೆ ಮಾಡುತ್ತಾನೆಂದು ನನಗೆ ಗೊತ್ತಿತ್ತು.

ಈಗ ಆ ಯಂತ್ರವನ್ನು ಮುಟ್ಟುವವನು ಅವನೊಬ್ಬನೇ. ಆದರೂ ದಿನಾ ಪ್ರೋಗ್ರಾಂ ತೆರೆದರೆ ಅತ್ತಿಗೆಯ ಪ್ಯಾನೆಲ್‌ಗಳು ಅಷ್ಟೂ ಹಾಜರ್. ಪುಟ್ಟದು ಬಲಮೂಲೆಯಲ್ಲಿ, ಎಲ್ಲದರ ಮೇಲೆ. ಅವನು ಎಲ್ಲವನ್ನೂ ಅಡಗಿಸುತ್ತಾನೆ. ಮರುದಿನ ಮತ್ತೆ ಅವೇ.

"ದೊಡ್ಡಣ್ಣ, ಇದು ನಿನ್ನ ಕಿತಾಪತಿನಾ?"

"ನನಗೆ ಮೌಸ್ ಹಿಡಿಯೋಕೆ ಬಂದಿದ್ರೆ ಇಷ್ಟೊತ್ತಿಗೆ ನನ್ನ ಫೋಟೊದಲ್ಲಿ ಕೂದಲು ಬಂದಿರ್ತಿತ್ತು ಕಣೋ."

ಒಂದು ದಿನ ಅವನಿನ್ನೂ ಪ್ಯಾನೆಲ್‌ಗಳನ್ನು ಅಡಗಿಸಿರಲಿಲ್ಲ. ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದ. ತೆರೆದಿದ್ದದ್ದು ಯಾರೋ ಮುದುಕಿಯ ಫೋಟೊ. ನಾವಿಬ್ಬರೂ ನೋಡುತ್ತಿದ್ದಂತೆ ಪುಟ್ಟ ಪ್ಯಾನೆಲ್ಲಿನ ಕೆಂಪು ಚೌಕ ಗದ್ದದಿಂದ ಮೆಲ್ಲಗೆ ಮೇಲೆ ತೆವಳಿತು. ದೊಡ್ಡ ಚಿತ್ರವೂ ಅದರ ಜೊತೆಗೇ ಜಾರಿತು. ಎಡಗಣ್ಣಿನ ಮೇಲೆ ಬಂದು ನಿಂತಿತು. ಅತ್ತಿಗೆ ಯಾವ ಮುಖವನ್ನಾದರೂ ಎಡಗಣ್ಣಿನಿಂದಲೇ ಶುರುಮಾಡುತ್ತಿದ್ದರು. ನನ್ನ ತಲೆಯಲ್ಲಿ ಕೂದಲಿದ್ದಿದ್ದರೆ ಅಷ್ಟೂ ಎದ್ದು ನಿಲ್ಲುತ್ತಿತ್ತು.

ಅವನು ಕುರ್ಚಿ ಬಿಟ್ಟೆದ್ದ, ಕೆಲಸ ನಿಂತಿತು. ಮಾಲೀಕರು ಕಂಪ್ಯೂಟರ್ ರಿಪೇರಿಯ ಹುಡುಗಿಯನ್ನು ಕರೆಸಿದರು.

"ಅಣ್ಣ, ಸಂಜೆ ಇದನ್ನ ಹೇಗೆ ಬಂದ್ ಮಾಡ್ತೀರಾ?"

"ಹೇಗೆ ಅಂದ್ರೆ? ಗೋಡೆ ಸ್ವಿಚ್ಚು ಆರಿಸ್ತೀನಿ. ಲೈಟು, ಫ್ಯಾನು, ಇದು, ಎಲ್ಲಾ ಒಂದೇ ಏಟಿಗೆ."

"ಅದೇ ಮತ್ತೆ! ಸರಿಯಾಗಿ ಮುಚ್ಚಿದ್ರೆ ಮಾತ್ರ ಪ್ರೋಗ್ರಾಂ ಜೋಡಣೆ ನೆನಪಿಟ್ಕೊಳ್ಳೋದು. ನೀವು ಅಡಗಿಸಿದ್ದು ಅದಕ್ಕೆ ಗೊತ್ತೇ ಇಲ್ಲ. ಕೊನೇ ಸಲ ಸರಿಯಾಗಿ ಮುಚ್ಚಿದವರು ಬಿಟ್ಟುಹೋಗಿದ್ದೇ ದಿನಾ ಬರ್ತಿದೆ."

ಕೊನೇ ಸಲ ಸರಿಯಾಗಿ ಮುಚ್ಚಿದವರು ಯಾರೆಂದು ನಮಗಿಬ್ಬರಿಗೂ ಗೊತ್ತಿತ್ತು.

"ಇಷ್ಟು ವರ್ಷ ನನ್ನ ಕೆಣಕೋಕೆ ಬೇಕಂತಲೇ ತೆರೆದಿಡ್ತಾಳೆ ಅಂದ್ಕೊಂಡಿದ್ದೆ" ಎಂದ ಖಾಲಿಯಣ್ಣ.

"ಇವತ್ತು ಎಲ್ಲ ಅಡಗಿಸಿ, ಒಂದೇ ಸಲ ಸರಿಯಾಗಿ ಮುಚ್ಚಿ. ಹಳೇ ಜೋಡಣೆ ಅಳಿಸಿಹೋಗುತ್ತೆ."

"ಮತ್ತೆ ಬರಲ್ವಾ?"

"ಯಾವತ್ತೂ ಬರಲ್ಲ."

"ಆ ಕೆಂಪು ಚೌಕ ತಾನಾಗಿ ಓಡಾಡುತ್ತಲ್ಲಮ್ಮ?" ಎಂದೆ ನಾನು.

"ಮೌಸ್ ಹಳೇದು ತಾತ. ಹೊಸದು ತರ್ತೀನಿ."

ಆವತ್ತಿನಿಂದ ಖಾಲಿಯಣ್ಣನ ಭಯ ಹೋಯಿತು. ಅದರ ಜಾಗಕ್ಕೆ ಇನ್ನೊಂದು ಭಯ ಬಂತು. ಯಾರಾದರೂ ಆ ಯಂತ್ರದ ಹತ್ತಿರ ಸುಳಿದರೆ ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕೆರಳುತ್ತಿದ್ದ. ಟಿಕ್ ತೆಗೆಯುವುದನ್ನೇ ಬಿಟ್ಟ. ಆ ಗಜಿಬಿಜಿಯ ನಡುವೆ, ಉಸಿರು ಕಟ್ಟಿಕೊಂಡೇ ಕೆಲಸ ಮಾಡಿದ. ಸಂಜೆ ಗೋಡೆಯ ಸ್ವಿಚ್ಚಿಗೆ ಏಟು ಕೊಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಹೊಸ ಮೌಸ್ ಹಾಕಲು ಆ ಹುಡುಗಿ ಬಂದಾಗ ಅವನು ಚಹಾಕ್ಕೆ ಹೋಗಿದ್ದ, ನಾನು ಒಳಗೆ ಮಗುವೊಂದರ ಫೋಟೊ ತೆಗೆಯುತ್ತಿದ್ದೆ. ಪಾಪ, ಉಪಕಾರವೆಂದೇ ಎಲ್ಲ ಟಿಕ್ ತೆಗೆದು, ಸರಿಯಾಗಿ ಮುಚ್ಚಿಬಿಟ್ಟಳು.

"ಅಣ್ಣಾ, ನಿಮ್ಮ ಕಾಟ ಕಳೀತು ನೋಡಿ!"

ಬಾಗಿಲಲ್ಲಿ ನಿಂತ ಖಾಲಿಯಣ್ಣ ಅವಳನ್ನು ಬೈಯಲಿಲ್ಲ. ಆ ಮಧ್ಯಾಹ್ನ ಮೇಜಿನ ಹತ್ತಿರವೂ ಹೋಗದೆ ಮನೆಗೆ ನಡೆದ.

ಮರುದಿನ ಅರ್ಧಕ್ಕೇ ನಿಂತಿದ್ದ ಆ ಮುದುಕಿಯ ಫೋಟೊ ತೆರೆದರೆ ಸುತ್ತ ಪರದೆ ಬೋಳು. ಹೊರಗೆ ಬೀದಿ ತುಂಬ ಬಿಸಿಲು, ಹಾರನ್ನುಗಳು.

"ನನಗೆ ಬೇಕಾದ ಹಾಗೇ ಇದೆ, ನೋಡು ದೊಡ್ಡಣ್ಣ."

ಕೆಲಸಕ್ಕೆ ಅವನ ಕೈ ಏಳಲಿಲ್ಲ. ಆ ಪುಟ್ಟ ಪ್ಯಾನೆಲ್ ಒಂದನ್ನಾದರೂ ತಾನೇ ತೋರಿಸಿಕೊಳ್ಳೋಣವೆಂದು ಮೆನು ತೆರೆದ. ಅದರ ಪಕ್ಕ ಟಿಕ್ ಆಗಲೇ ಇತ್ತು. ತೆಗೆದ, ಮತ್ತೆ ಹಾಕಿದ. ಪರದೆಯಲ್ಲಿ ಪ್ಯಾನೆಲ್ ಮಾತ್ರ ಇಲ್ಲ.

"ತೋರಿಸ್ತಿದೀನಿ ಅಂತಿದೆಯಲ್ಲ ಇದು. ಎಲ್ಲಿ ತೋರಿಸ್ತಿದೆ?"

ಆಗ ನನ್ನ ಕಣ್ಣು ಪಕ್ಕದ ಕೋಟಿನ ಮೇಲೆ ಬಿತ್ತು. ಮೂಗು ಬಿಚ್ಚಿಡುವ ಮಾತು ನಾನು ಕಟ್ಟಿದ್ದು. ಇದು ಕಟ್ಟಿದ್ದಲ್ಲ. ಕೋಟಿನ ಬಟ್ಟೆಯ ಹಿಂದೆ, ಜೇಬಿನ ಹತ್ತಿರ, ಅಂಚೆಚೀಟಿಯಷ್ಟಗಲದ ಬೆಳಕಿತ್ತು. ಕಪಾಟಿನತ್ತ ನೋಡಿದೆ. ಆ ಪರದೆಯ ವೈರು ಸುತ್ತಿಟ್ಟ ಹಾಗೇ ಇತ್ತು, ಧೂಳಿನ ಸಮೇತ.

ಖಾಲಿಯಣ್ಣನೂ ನೋಡಿದ. ಮಲಗಿದವರ ಹೊದಿಕೆ ಸರಿಸುವಂತೆ ಕೋಟನ್ನು ಮೆಲ್ಲಗೆ ಎತ್ತಿ, ತನ್ನ ಕುರ್ಚಿಯ ಬೆನ್ನಿಗೆ ಹಾಕಿಕೊಂಡ. ಕರಿ ಗಾಜಿನ ನಡುವೆ ಆ ಮುದುಕಿಯ ಪುಟ್ಟ ಮುಖ, ಎಡಗಣ್ಣಿನ ಮೇಲೆ ಕೆಂಪು ಚೌಕ.

"ಕೋಟು ಅಡ್ಡ ಆಗಿತ್ತಾ?" ಎಂದು ಕೇಳಿದ. ನನ್ನನ್ನಲ್ಲ.

ಕುರ್ಚಿಯನ್ನು ಇನ್ನೊಂದು ಕುರ್ಚಿ ಹಿಡಿಯುವಷ್ಟು ಪಕ್ಕಕ್ಕೆ ಎಳೆದುಕೊಂಡು, ಎಡಗಣ್ಣಿನಿಂದ ಶುರುಮಾಡಿದ.